ಸೊಪ್ಪಿನ ಗುರುತು ಎಲೆಯ ಕಂಕುಳಲ್ಲಿ

ಮುಂಗಾರು ಹಿಡಿದು ತಿಂಗಳು ಕಳೆಯಿತೆಂದರೆ ನಮ್ಮ ಬಯಲುಸೀಮೆಯ ಸಂತೆಗಳಿಗೆ ಬೆರಕೆ ಸೊಪ್ಪು ಬರುತ್ತದೆ. ಯಾರೂ ಬಿತ್ತದ, ಯಾರೂ ಗೊಬ್ಬರ ಹಾಕದ ಸೊಪ್ಪು. ರಾಗಿ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರು ಬೇಡದ ಗಿಡವನ್ನು ಬದುವಿಗೆ ಎಸೆದು, ಬೇಕಾದ್ದನ್ನು ಮಡಿಲಿಗೆ ಹಾಕಿಕೊಂಡು ತಂದದ್ದು. ಬಸ್ಸಾರಿಗೆ ಇದರಷ್ಟು ರುಚಿ ಕೊಡುವ ಸೊಪ್ಪು ನನಗೆ ಬೇರೆ ಗೊತ್ತಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ಕಂತೆ ತಂದವನು ಹಾಗೇ ಹೆಚ್ಚಿಹಾಕದೆ, ಹಳೆಯ ಪೇಪರಿನ ಮೇಲೆ ಬಿಡಿಸಿಕೊಂಡು ಒಂದೊಂದನ್ನೇ ಬೇರೆ ಮಾಡುತ್ತಾ ಕೂತೆ. ಏಳು ಗುಡ್ಡೆ ಆಯಿತು: ಅಣ್ಣೆ, ಹರಿವೆ ಜಾತಿಯ ಎರಡು, ಹೊನಗೊನ್ನೆ, ಗಣಿಕೆ, ಗೋಣಿ, ಕನ್ನೆ. ಕೊನೆಗೆ ನಾಲ್ಕೇ ಎಲೆಯ ಒಂದು ಕುಡಿ ಕೈಯಲ್ಲಿ ಉಳಿಯಿತು. ಅದನ್ನು ಯಾವ ಗುಡ್ಡೆಗೂ ಹಾಕಲಾಗಲಿಲ್ಲ. ಆ ಕುಡಿಯ ಮಾತಿಗೆ ಆಮೇಲೆ ಬರುತ್ತೇನೆ.

ಸೊಪ್ಪುಗಳನ್ನು ಗುರುತಿಸುವುದು ಕಷ್ಟವಾಗುವುದಕ್ಕೆ ಒಂದು ಸರಳ ಕಾರಣವಿದೆ. ಗಿಡಗಳನ್ನು ಬೇರೆ ಬೇರೆ ಮಾಡುವ ಶಾಸ್ತ್ರವೆಲ್ಲ ನಿಂತಿರುವುದು ಹೂವು ಕಾಯಿಗಳ ಮೇಲೆ. ನಾವು ಸೊಪ್ಪು ಕೊಯ್ಯುವುದು ಹೂ ಬರುವ ಮೊದಲು, ಎಳೆಯದಿದ್ದಾಗ. ಉಳಿಯುವುದು ಎಲೆಯೊಂದೇ. ಆ ಎಲೆಯೋ, ನೆರಳಲ್ಲಿ ಬೆಳೆದರೆ ಅಗಲ, ಬಿಸಿಲಲ್ಲಿ ಬೆಳೆದರೆ ಕಿರಿದು, ನೀರು ಹೆಚ್ಚಾದರೆ ಉದ್ದ. ಒಂದೇ ಗಿಡದ ಬುಡದ ಎಲೆ ತುದಿಯ ಎಲೆಯಂತಿರುವುದಿಲ್ಲ. ಎಲೆಯ ಆಕಾರ ನೋಡಿ ಸೊಪ್ಪು ಗುರುತಿಸಲು ಹೊರಟವರು ಇಲ್ಲೇ ಎಡವುತ್ತಾರೆ.

ನಾನು ಕಲಿತದ್ದು ಹೊಲದಲ್ಲಿ ಕಳೆ ತೆಗೆಯುವವರ ಕೈ ನೋಡಿ. ಅವರು ಎಲೆಯನ್ನು ದಿಟ್ಟಿಸುವುದೇ ಇಲ್ಲ. ಕುಡಿಯನ್ನು ಹಿಡಿದು ಬೆರಳಲ್ಲಿ ಒಮ್ಮೆ ತಿರುವುತ್ತಾರೆ, ಕಣ್ಣು ಹೋಗುವುದು ಎಲೆ ಕಾಂಡಕ್ಕೆ ಸೇರುವ ಜಾಗಕ್ಕೆ. ಕಬ್ಬಿನಲ್ಲಿ ಇರುವಂತೆ ಎಲ್ಲ ಗಿಡಕ್ಕೂ ಗೆಣ್ಣು ಇರುತ್ತದೆ. ಗೆಣ್ಣಿನಿಂದ ತೊಟ್ಟು ಹೊರಡುತ್ತದೆ. ತೊಟ್ಟಿಗೂ ಕಾಂಡಕ್ಕೂ ನಡುವಿನ ಮೂಲೆಯೇ ಎಲೆಯ ಕಂಕುಳು. ಬಿಸಿಲು ಮಳೆಗೆ ಎಲೆ ಎಷ್ಟೇ ಬದಲಾಗಲಿ, ಈ ಮೂಲೆಯ ಕಟ್ಟೋಣ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಒಂದು ಗೆಣ್ಣಿನಲ್ಲಿ ಎರಡು ಎಲೆ ಎದುರುಬದುರಾಗಿ ಇವೆಯೇ, ಇಲ್ಲವೇ ಒಂದು ಗೆಣ್ಣಿಗೆ ಒಂದೇ ಎಲೆಯಂತೆ ಮೇಲೆ ಹತ್ತುತ್ತಾ ಹೋಗಿವೆಯೇ ಎಂದು ನೋಡಿದರೆ ಸಾಕು, ಬೆರಕೆ ಸೊಪ್ಪಿನ ಅರ್ಧ ಗೊಂದಲ ಅಲ್ಲೇ ಹರಿಯುತ್ತದೆ. ಹೊನಗೊನ್ನೆ, ಕೊಮ್ಮೆ, ನೀರುಬ್ರಾಹ್ಮಿ ಎದುರುಬದುರು ಎಲೆಯವು. ಹರಿವೆ, ಅಣ್ಣೆ, ಗಣಿಕೆಗಳಲ್ಲಿ ಗೆಣ್ಣಿಗೆ ಒಂದೇ.

ಇನ್ನು ಹೆಸರು. ಹೆಸರು ಕೇಳಿ ಸೊಪ್ಪು ತಿಳಿಯುತ್ತೇನೆ ಎಂದುಕೊಂಡರೆ ದಾರಿ ತಪ್ಪುವುದು ಖಂಡಿತ. ಕನ್ನಡದಲ್ಲಿ ಕೀರೆ ಎಂದರೆ ಹರಿವೆ ಜಾತಿಯ ಒಂದು ಸೊಪ್ಪು. ತಮಿಳಿನಲ್ಲಿ ಕೀರೈ ಎಂದರೆ ಯಾವ ಸೊಪ್ಪಾದರೂ ಸರಿ. ಬೆಂಗಳೂರಿನ ಮಾರ್ಕೆಟ್ಟಿನಲ್ಲಿ ಕೊಳ್ಳುವವರು ಒಂದು ಅರ್ಥದಲ್ಲಿ ಕೇಳಿ, ಮಾರುವವರು ಇನ್ನೊಂದು ಅರ್ಥದಲ್ಲಿ ತೆಗೆದುಕೊಟ್ಟರೆ ತಪ್ಪು ಯಾರದೂ ಅಲ್ಲ. ಧಾರವಾಡದ ಕಡೆ ರಾಜಗಿರಿ ಎಂದರೆ ಪಲ್ಯದ ಸೊಪ್ಪು, ಉತ್ತರ ಭಾರತದಲ್ಲಿ ಅದೇ ಹೆಸರು ಉಪವಾಸದ ದಿನ ಹಿಟ್ಟು ಮಾಡುವ ಕಾಳಿಗೆ. ಎರಡೂ ಹರಿವೆಯ ಬಳಗವೇ, ಆದರೆ ಒಂದೇ ಗಿಡವಲ್ಲ. ಹೆಸರುಗಳನ್ನು ನಾನು ಹಗುರ ಮಾಡುತ್ತಿಲ್ಲ. ಒಂದು ಊರಿನ ಒಳಗೆ ಆ ಊರಿನ ಹೆಸರು ತೂಕದ ಕಲ್ಲಿನಷ್ಟು ನಿಖರ. ಊರ ಗಡಿ ದಾಟಿದ ಮೇಲೆಯೇ ತೊಂದರೆ.

ಹೊನಗೊನ್ನೆಯನ್ನೇ ತೆಗೆದುಕೊಳ್ಳಿ. ಹೊನಗೊನೆ, ಹೊನ್ನಗನ್ನೆ ಎಂದೂ ಕರೆಯುತ್ತಾರೆ. ತಮಿಳಿನ ಪೊನ್ನಾಂಗಣ್ಣಿಯೂ ಇದೇ. ಹಳಗನ್ನಡದ ಪೊನ್ ಹೊನ್ನಾದಂತೆ ಹೆಸರಿನ ಮೊದಲಕ್ಷರ ಹ ಆಗಿದೆ. ಸಸ್ಯಶಾಸ್ತ್ರದಲ್ಲಿ ಆಲ್ಟರ್ನ್ಯಾಂತೆರಾ ಸೆಸಿಲಿಸ್. ಸೆಸಿಲಿಸ್ ಎಂದರೆ ಕುಳಿತದ್ದು. ಯಾವುದು ಕುಳಿತದ್ದು? ಹೂವು. ಎದುರುಬದುರು ಎಲೆಗಳ ಕಂಕುಳಲ್ಲಿ ಅಕ್ಕಿಕಾಳಿನಷ್ಟು ದಪ್ಪದ ಬಿಳಿ ಹೂಗುಂಡು, ತೊಟ್ಟೇ ಇಲ್ಲದೆ, ಕಾಂಡಕ್ಕೆ ಒತ್ತಿಕೊಂಡು ಕೂತಿರುತ್ತದೆ. ಎಳೆಯ ಗಿಡದಲ್ಲೂ ಕೆಳಗಿನ ಗೆಣ್ಣುಗಳಲ್ಲಿ ಇದು ಸಿಗುವುದರಿಂದ ಹೊನಗೊನ್ನೆ ಗುರುತಿಸಲು ಹೂವಿಗಾಗಿ ಹೆಚ್ಚು ಕಾಯಬೇಕಾಗಿಲ್ಲ.

ಇದರ ದಾಯಾದಿಯೊಂದು ನಮ್ಮ ಕೆರೆಗಳಲ್ಲಿ ತುಂಬಿಕೊಂಡಿದೆ. ಆಲ್ಟರ್ನ್ಯಾಂತೆರಾ ಫಿಲಾಕ್ಸಿರಾಯ್ಡಿಸ್, ಇಂಗ್ಲಿಷಿನವರ ಅಲಿಗೇಟರ್ ವೀಡ್. ಮೂಲ ದಕ್ಷಿಣ ಅಮೆರಿಕ. ಬೆಂಗಳೂರಿನ ಚರಂಡಿ ನೀರು ಸೇರುವ ಕೆರೆಗಳಲ್ಲಿ ದಡದಿಂದ ನೀರಿನ ಮೇಲಕ್ಕೆ ಚಾಪೆ ಹಾಸಿದಂತೆ ಹಬ್ಬುತ್ತದೆ. ಎಲೆ ಎದುರುಬದುರು, ಹೂ ಬಿಳಿ, ಬಣ್ಣ ರೂಪ ಎಲ್ಲ ಹೊನಗೊನ್ನೆಯದೇ. ಆದರೆ ಹೂಗುಂಡು ಕಂಕುಳಲ್ಲಿ ಕೂತಿಲ್ಲ. ಅಲ್ಲಿಂದ ಒಂದು ಉದ್ದ ತೊಟ್ಟು ಹೊರಟು ಅದರ ತುದಿಯಲ್ಲಿ ಗುಂಡಿಯ ಹಾಗೆ ನಿಂತಿದೆ. ಕಾಂಡವನ್ನು ಚಿವುಟಿದರೆ ಒಳಗೆ ಟೊಳ್ಳು. ಆ ಸೊಪ್ಪಿನಲ್ಲಿ ಸ್ವಂತ ವಿಷವಿಲ್ಲ. ತಾನು ಬೆಳೆದ ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂಗಳಂಥ ಲೋಹಗಳನ್ನು ಅದು ಹೀರಿಕೊಂಡು ಇಟ್ಟುಕೊಳ್ಳುತ್ತದೆ, ಅದೇ ಆತಂಕ. ಕಾರ್ಖಾನೆಯ ನೀರು ಸೇರಿದ ಕೆರೆಯ ಸೊಪ್ಪನ್ನು ಎಷ್ಟು ಸಲ ತೊಳೆದರೂ ಎಲೆಯ ಒಳಗಿನದು ಹೋಗುವುದಿಲ್ಲ.

ಈ ಎರಡನ್ನು ಅದಲುಬದಲು ಮಾಡಿಕೊಂಡವರು ನಾವು ಮಾತ್ರ ಅಲ್ಲ. ಶ್ರೀಲಂಕಾದಲ್ಲಿ ಹೊನಗೊನ್ನೆಗೆ ಮುಕುಣುವೆನ್ನ ಎನ್ನುತ್ತಾರೆ, ಅಲ್ಲಿನವರಿಗೆ ಅದು ದಿನದ ಊಟದ ಸೊಪ್ಪು. ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದ ಲಂಕೆಯ ಕುಟುಂಬಗಳು ಮುಕುಣುವೆನ್ನ ಎಂದೇ ನಂಬಿ ಹಿತ್ತಿಲುಗಳಲ್ಲಿ ಅಲಿಗೇಟರ್ ವೀಡ್ ಬೆಳೆಸಿಕೊಂಡಿದ್ದರು. ಆ ದೇಶ ಕೋಟಿಗಟ್ಟಲೆ ಖರ್ಚು ಮಾಡಿ ತೊಲಗಿಸಲು ಹೆಣಗುತ್ತಿದ್ದ ಕಳೆ ಅದು. 1990ರ ದಶಕದಲ್ಲಿ ವಿಕ್ಟೋರಿಯಾ ಪ್ರಾಂತದ ಅಧಿಕಾರಿಗಳು ಇದನ್ನು ಪತ್ತೆಹಚ್ಚಿದಾಗ ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ಕಿತ್ತು ಬಿಸಾಡಿ ಎಂದಷ್ಟೇ ಹೇಳಿ ಸುಮ್ಮನಾಗದೆ, ಅದೇ ಕುಲದ ಸ್ಥಳೀಯ ಗಿಡವೊಂದನ್ನು ಬೆಳೆಸಿ ಬದಲಿಗೆ ಕೊಟ್ಟರು. ಊಟದ ಸೊಪ್ಪನ್ನು ಕಸಿದುಕೊಂಡರೆ ಜನ ಕದ್ದು ಬೆಳೆಯುತ್ತಾರೆಂಬುದು ಅವರಿಗೆ ತಿಳಿದಿತ್ತು.

ಹರಿವೆಯ ಬಳಗದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅಲ್ಲಿ ತಪ್ಪಿದರೂ ತಟ್ಟೆಗೆ ಬರುವುದು ತಿನ್ನುವ ಸೊಪ್ಪೇ. ಕಂಕುಳಲ್ಲಿ ಜೋಡಿ ಮುಳ್ಳಿದ್ದರೆ ಮುಳ್ಳುಹರಿವೆ. ಎಳೆಯದರಲ್ಲಿ ಆ ಮುಳ್ಳು ಮೆತ್ತಗಿರುತ್ತದೆ, ಬೆರಳು ಸವರಿದರೆ ತಿಳಿಯುತ್ತದೆ. ಅಣ್ಣೆ ಸೊಪ್ಪು ಈ ಬಳಗದ ಹತ್ತಿರದ ನೆಂಟ. ಉದ್ದನೆಯ ಎಲೆ, ಗೆರೆಗೆರೆಯ ಕಾಂಡ, ಬಲಿತಾಗ ತುದಿಯಲ್ಲಿ ಬೆಳ್ಳಿಗೆ ಗುಲಾಬಿ ಬಣ್ಣ ಸವರಿದಂಥ ತೆನೆ. ದೇವರ ಪಟಕ್ಕೆ ಮುಡಿಸುವ ಕೋಳಿಜುಟ್ಟು ಹೂ ಇದರ ಸಾಕಿದ ರೂಪ.

ಗೊಂದಲದ ದೊಡ್ಡ ಗಂಟು ಬ್ರಾಹ್ಮಿ. ಕರ್ನಾಟಕದಲ್ಲಿ ಬ್ರಾಹ್ಮಿ ಎಂದರೆ ಬಹಳ ಜನಕ್ಕೆ ಒಂದೆಲಗ. ತುಳುವರ ತಿಮರೆ, ಮಲೆನಾಡಿನ ಹವ್ಯಕರ ಉರಗೆ, ತಂಬುಳಿಗೆ ಹೇಳಿಮಾಡಿಸಿದ ಸೊಪ್ಪು. ಗಡಿ ದಾಟಿ ಕೇರಳಕ್ಕೆ ಹೋಗಿ ಬ್ರಹ್ಮಿ ಕೇಳಿದರೆ ಕೊಡುವುದು ಬೇರೆ ಗಿಡ, ನಾವು ನೀರುಬ್ರಾಹ್ಮಿ ಎನ್ನುವುದನ್ನು. ಸರ್ಕಾರದ ಆಯುರ್ವೇದ ಔಷಧಕೋಶ ಈ ಜಗಳವನ್ನು ಹೀಗೆ ಬಗೆಹರಿಸಿದೆ: ಬ್ರಾಹ್ಮಿ ಎಂದರೆ ಬಕೋಪಾ ಮೊನ್ನಿಯೇರಿ, ಅಂದರೆ ನೀರುಬ್ರಾಹ್ಮಿ. ಒಂದೆಲಗಕ್ಕೆ ಅಲ್ಲಿ ಮಂಡೂಕಪರ್ಣಿ ಎಂದು ಹೆಸರು. ಆದ್ದರಿಂದ ಅಂಗಡಿಯಲ್ಲಿ ಬ್ರಾಹ್ಮಿ ಮಾತ್ರೆ ಕೊಂಡವರು ತಾವು ತಂಬುಳಿ ಮಾಡುವ ಸೊಪ್ಪನ್ನೇ ನುಂಗುತ್ತಿದ್ದೇವೆ ಎಂದುಕೊಂಡರೆ ಅದು ಸರಿಯಲ್ಲ. ಎರಡರ ಒಳಗಿರುವ ಸತ್ವವೂ ಬೇರೆ. ಒಂದರಲ್ಲಿ ಬಕೋಸೈಡುಗಳು, ಇನ್ನೊಂದರಲ್ಲಿ ಏಷಿಯಾಟಿಕೋಸೈಡ್.

ಗಿಡ ನೋಡಿದವರಿಗೆ ಎರಡರಲ್ಲಿ ಹೋಲಿಕೆಯೇ ಇಲ್ಲ. ನೀರುಬ್ರಾಹ್ಮಿಯದು ಚಮಚದಾಕಾರದ, ದಪ್ಪನೆಯ, ಬೆರಳ ತುದಿಗಿಂತ ಚಿಕ್ಕ ಎಲೆ. ತೊಟ್ಟಿಲ್ಲದೆ ಎದುರುಬದುರಾಗಿ ಕಾಂಡಕ್ಕೆ ಅಂಟಿಕೊಂಡಿರುತ್ತದೆ. ಕಂಕುಳಿನಿಂದ ಒಂಟಿ ಹೂ ಏಳುತ್ತದೆ, ಬಿಳಿಗೆ ನೇರಳೆ ಬೆರೆಸಿದ ಬಣ್ಣದ್ದು. ಅಗಿದರೆ ಕಹಿ. ಒಂದೆಲಗದ ಬಳ್ಳಿ ನೆಲದ ಮೇಲೆ ಓಡುತ್ತಾ ಗೆಣ್ಣು ಗೆಣ್ಣಿಗೆ ಬೇರು ಬಿಡುತ್ತದೆ. ಪ್ರತಿ ಗೆಣ್ಣಿನಿಂದ ಉದ್ದ ತೊಟ್ಟಿನ ದುಂಡು ಎಲೆಗಳು ಮೇಲೇಳುತ್ತವೆ. ಎಲೆಯ ಅಂಚಿಗೆ ಕತ್ತರಿಯಲ್ಲಿ ಮೆಲ್ಲನೆ ಕಚ್ಚು ಹಾಕಿದಂತಿರುತ್ತದೆ. ಹೂ ಕಾಣಬೇಕಾದರೆ ಎಲೆಗಳನ್ನು ಸರಿಸಿ ಮಣ್ಣಿನ ಹತ್ತಿರ ಬಗ್ಗಿ ನೋಡಬೇಕು, ಸಾಸಿವೆಯಷ್ಟು, ಕೆಂಪು ಛಾಯೆಯದು. ಎಲೆ ಹಿಸುಕಿದರೆ ಬರುವ ಪರಿಮಳ ಕೊತ್ತಂಬರಿ, ಗಜ್ಜರಿಗಳನ್ನು ನೆನಪಿಸುತ್ತದೆ. ಅದು ಸಹಜ, ಮೂರೂ ಒಂದೇ ಕುಟುಂಬ.

ಒಂದೆಲಗಕ್ಕೆ ನಿಜವಾದ ಹೋಲಿಕೆ ಇರುವುದು ಬೇರೆ ಗಿಡಗಳ ಜೊತೆ. ನರ್ಸರಿಗಳಲ್ಲಿ ಕೊಳದ ಅಂದಕ್ಕೆಂದು ಮಾರುವ ಹೈಡ್ರೊಕೊಟೈಲ್ ಒಂದಿದೆ. ಅದನ್ನು ಬ್ರಾಹ್ಮಿ ಎಂದು ಕೊಟ್ಟದ್ದನ್ನು ನಾನೇ ಮನೆಗೆ ತಂದಿದ್ದೆ, ಎರಡು ವಾರ ಚಟ್ನಿಯನ್ನೂ ಅರೆದೆವು. ಎಲೆ ದುಂಡು, ಅಂಚಿನಲ್ಲಿ ಕಚ್ಚು, ಉದ್ದ ತೊಟ್ಟು, ಎಲ್ಲ ಸರಿಯಾಗಿತ್ತು. ಒಂದು ಬೆಳಿಗ್ಗೆ ನೀರು ಹಾಕುವಾಗ ಎಲೆಯನ್ನು ಮಗುಚಿ ನೋಡಿದೆ. ತೊಟ್ಟು ಎಲೆಯ ನಟ್ಟನಡುವೆ ಬಂದು ನಿಂತಿತ್ತು, ಕೊಡೆಯ ಕೋಲಿನ ಹಾಗೆ. ಒಂದೆಲಗದಲ್ಲಿ ತೊಟ್ಟು ಸೇರುವುದು ಎಲೆಯ ಅಂಚಿನ ಸೀಳಿಗೆ. ಮಗುಚಿ ನೋಡಲು ಅರೆಕ್ಷಣ ಸಾಕಿತ್ತು. ಹುಲ್ಲುಹಾಸಿನಲ್ಲಿ ಹಬ್ಬುವ ಇವಾಲ್ವುಲಸ್ ಎಂಬ ಅಮೆರಿಕದ ಗಿಡವೂ ದುಂಡೆಲೆಯದೇ. ಆದರೆ ಅದರ ಎಲೆಗಳು ಬಳ್ಳಿಯ ಎರಡೂ ಪಕ್ಕ ಸಾಲಾಗಿ, ಗಿಡ್ಡ ತೊಟ್ಟಿನಲ್ಲಿ ಕೂತಿರುತ್ತವೆ, ಅಂಚಿನಲ್ಲಿ ಕಚ್ಚಿರುವುದಿಲ್ಲ. ಹೊಲದ ಇಲಿಕಿವಿ ಸೊಪ್ಪು ಹಳದಿ ಹೂ ಬಿಟ್ಟ ಕೂಡಲೇ ತನ್ನ ಗುರುತು ತಾನೇ ಹೇಳುತ್ತದೆ.

ಹೈಡ್ರೊಕೊಟೈಲ್ ಜೊತೆ ಮೋಸಹೋದದ್ದಕ್ಕೆ ನನಗೆ ದೊಡ್ಡ ಸಂಗಾತಿಯೇ ಇದ್ದಾನೆ. ಗಿಡಗಳಿಗೆ ಎರಡು ಪದದ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಲಿನೇಯಸ್ 1753ರಲ್ಲಿ ಒಂದೆಲಗವನ್ನು ಹೈಡ್ರೊಕೊಟೈಲ್ ಏಷಿಯಾಟಿಕಾ ಎಂದೇ ಕರೆದಿದ್ದ. ಅದು ಸೆಂಟೆಲ್ಲಾ ಏಷಿಯಾಟಿಕಾ ಆದದ್ದು 1879ರಲ್ಲಿ, ಅರ್ಬನ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞ ಬೇರ್ಪಡಿಸಿದ ಮೇಲೆ. ಲ್ಯಾಟಿನ್ ಹೆಸರೂ ಬದಲಾಗುತ್ತದೆ. ಆದರೆ ಹಳೆಯ ಹೆಸರು ಯಾವುದಿತ್ತು, ಯಾರು ಯಾವಾಗ ಬದಲಿಸಿದರು ಎಂಬ ಲೆಕ್ಕ ಅದರ ಜೊತೆಗೇ ಬರುತ್ತದೆ.

ಕರಾವಳಿಯಲ್ಲಿ ಆಟಿ ತಿಂಗಳ ಸೊಪ್ಪೆಂದರೆ ತಜಂಕ್. ಘಟ್ಟದ ಮೇಲೆ ತಗಟೆ, ಚಗಟೆ. ಕೊಂಕಣಿಗರ ಟಾಯ್ಕಿಳೊ. ಮೊದಲ ಮಳೆಗೆ ರಸ್ತೆ ಬದಿಯಲ್ಲೆಲ್ಲ ಏಳುವ ಎಳೆಯ ಕುಡಿಗಳಿಂದ ಪಲ್ಯ, ಅಂಬಡೆ ಮಾಡುತ್ತಾರೆ. ಇದೇ ರಸ್ತೆ ಬದಿಯಲ್ಲಿ, ಇದೇ ಹೊತ್ತಿಗೆ ಏಳುವ ಇನ್ನೊಂದು ಗಿಡ ಸೆನ್ನಾ ಆಕ್ಸಿಡೆಂಟಾಲಿಸ್. ಹೂ ಎರಡರದ್ದೂ ಹಳದಿ, ಹಿಸುಕಿದರೆ ವಾಸನೆ ಎರಡರದ್ದೂ ಕೆಟ್ಟದ್ದು. ಪಶ್ಚಿಮ ಉತ್ತರ ಪ್ರದೇಶದಲ್ಲಿ ವರ್ಷ ವರ್ಷ ಚಳಿಗಾಲದ ಮೊದಲಿಗೆ ಚಿಕ್ಕ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ನಿಗೂಢ ಕಾಯಿಲೆಯನ್ನು ಬಹುಕಾಲ ಮಿದುಳು ಜ್ವರವೆಂದೇ ಭಾವಿಸಿದ್ದರು. ಕೊನೆಗೆ ವೈದ್ಯರು ಬೆನ್ನುಹತ್ತಿ ನೋಡಿದಾಗ, ಮಕ್ಕಳು ಆಟವಾಡುತ್ತಾ ತಿಂದ ಈ ಗಿಡದ ಬೀಜ ಕಾರಣವೆಂದು ತಿಳಿಯಿತು. ಯಕೃತ್ತು, ಸ್ನಾಯು, ಮಿದುಳು ಮೂರನ್ನೂ ಹಾಳುಮಾಡುವ ವಿಷ.

ಆದ್ದರಿಂದ ತಜಂಕ್ ಕೊಯ್ಯುವಾಗ ಎಣಿಸಬೇಕು. ಒಂದು ಎಲೆಕಡ್ಡಿಯಲ್ಲಿ ಮೂರು ಜೋಡಿ ಕಿರುಎಲೆ, ತುದಿ ದುಂಡಗೆ: ಅದು ತಜಂಕ್. ನಾಲ್ಕೈದು ಜೋಡಿ, ತುದಿ ಚೂಪಾಗಿ ಎಳೆದಂತಿದ್ದರೆ ಬಿಟ್ಟುಬಿಡಬೇಕು. ಇನ್ನೂ ಅನುಮಾನವಿದ್ದರೆ ಭೂತಗನ್ನಡಿ ಹಿಡಿದು ಕಡ್ಡಿಯನ್ನು ನೋಡಿ. ತಜಂಕಿನಲ್ಲಿ ಕೆಳಗಿನ ಕಿರುಎಲೆ ಜೋಡಿಯ ನಡುವೆ ಮೊಳೆಯಂಥ ಪುಟ್ಟ ಗ್ರಂಥಿ ನಿಂತಿರುತ್ತದೆ. ಇನ್ನೊಂದರಲ್ಲಿ ಆ ಗ್ರಂಥಿ ಕೆಳಗಿಳಿದು ತೊಟ್ಟಿನ ಬುಡಕ್ಕೆ, ಕಾಂಡದ ಹತ್ತಿರಕ್ಕೆ ಹೋಗಿದೆ. ಕಾಯಿ ಬಂದಾಗ ಹೇಳುವುದೇ ಬೇಡ. ತಜಂಕಿನದು ಉದ್ದ, ಸಣ್ಣ, ಕುಡುಗೋಲಿನಂತೆ ಬಾಗಿದ್ದು. ಆ ಇನ್ನೊಂದರದ್ದು ಚಪ್ಪಟೆ.

ಈಗ ನನ್ನ ಪೇಪರಿನ ಮೇಲೆ ಉಳಿದ ಕುಡಿಯ ಮಾತು. ಮೊದಲು ಅದನ್ನು ಗಣಿಕೆಯ ಗುಡ್ಡೆಗೇ ಹಾಕಿದ್ದೆ. ಗಣಿಕೆಗೆ ಕಾಶಿ ಸೊಪ್ಪು, ಕಾಗೆಹಣ್ಣಿನ ಗಿಡ ಎಂದೂ ಹೆಸರುಗಳಿವೆ, ತಮಿಳಿನವರ ಮಣತ್ತಕ್ಕಾಳಿ. ಬಾಯಿಹುಣ್ಣಿಗೆ ಮನೆಮನೆಯ ಮದ್ದು. ಇದನ್ನು ಇಂಗ್ಲಿಷಿನಲ್ಲಿ ಓದಿದ ಕೆಲವರು ನೈಟ್‌ಶೇಡ್ ಎಂಬ ಪದ ನೋಡಿ ಬೆಲ್ಲಡೋನಾ ಎಂದು ಹೆದರುವುದುಂಟು. ಬೆಲ್ಲಡೋನಾ ಯುರೋಪಿನ ಗಿಡ, ಅದರ ಬಳಗದ್ದೊಂದು ಹಿಮಾಲಯದ ತಂಪಿನಲ್ಲಿದೆ, ನಮ್ಮ ರಾಗಿ ಹೊಲಗಳಲ್ಲಿ ಬೆಳೆಯುವುದಿಲ್ಲ. ಗಣಿಕೆಯ ಹಸಿರು ಕಾಯಿ ಮಾತ್ರ ತಿನ್ನಬಾರದು, ಅದರಲ್ಲಿ ಸೊಲನೈನ್ ವಿಷವಿದೆ. ಹಣ್ಣಾಗಿ ಕಪ್ಪಾದ ಮೇಲೆ ಮಕ್ಕಳು ತಿನ್ನುತ್ತಾರೆ.

ನಾವು ಹೆದರಬೇಕಾದದ್ದು ಹೊಲದಲ್ಲೇ ಇರುವ ಉಮ್ಮತ್ತಿಗೆ. ಬಲಿತ ಉಮ್ಮತ್ತಿಯನ್ನು ಯಾರೂ ಸೊಪ್ಪೆಂದು ತಿಳಿಯುವುದಿಲ್ಲ, ಕಹಳೆಯಂಥ ಹೂ, ಮುಳ್ಳುಕಾಯಿ ಎರಡೂ ಎದ್ದು ಕಾಣುತ್ತವೆ. ನಾಲ್ಕೆಲೆಯ ಸಸಿಯಾಗಿದ್ದಾಗ ಅದೂ ಗಣಿಕೆಯೂ ಅಕ್ಕತಂಗಿಯರು, ಕುಟುಂಬವೂ ಒಂದೇ. ನನ್ನ ಕೈಯಲ್ಲಿದ್ದ ಕುಡಿಯ ಎಲೆ ತೊಟ್ಟಿಗೆ ಸೇರುವ ಜಾಗದಲ್ಲಿ ಎರಡು ಪಕ್ಕ ಸಮನಾಗಿರಲಿಲ್ಲ. ಒಂದು ಪಕ್ಕ ಬೇಗ ನಿಂತಿತ್ತು, ಇನ್ನೊಂದು ಪಕ್ಕ ಸ್ವಲ್ಪ ಕೆಳಗಿನವರೆಗೂ ಇಳಿದಿತ್ತು. ಗಣಿಕೆಯಲ್ಲಿ ಎಲೆ ಎರಡು ಪಕ್ಕದಲ್ಲೂ ಸಮನಾಗಿ ಕಿರಿದಾಗುತ್ತಾ ತೊಟ್ಟಿನ ಮೇಲೆ ಜಾರುತ್ತದೆ. ಹಿಸುಕಿದರೆ ಉಮ್ಮತ್ತಿಗೆ ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಬಲಿತ ಗಣಿಕೆಯಲ್ಲಿ ಇನ್ನೊಂದು ಚೆಂದದ ಗುರುತಿದೆ: ಅದರ ಬಿಳಿ ಹೂಗೊಂಚಲು ಕಂಕುಳಿನಿಂದ ಹೊರಡುವುದಿಲ್ಲ, ಎರಡು ಗೆಣ್ಣುಗಳ ನಡುವಿನ ಬರಿಯ ಕಾಂಡದಿಂದ ಏಳುತ್ತದೆ.

ಒಂದು ಸಸಿಯಿಂದ ಏನಾದೀತು ಎನ್ನಬೇಡಿ. 2022ರ ಡಿಸೆಂಬರಿನಲ್ಲಿ, ಮತ್ತೆ ಆಸ್ಟ್ರೇಲಿಯಾದಲ್ಲೇ, ಯಂತ್ರದಿಂದ ಕೊಯ್ದ ಎಳೆಯ ಪಾಲಕ್ ಜೊತೆ ಉಮ್ಮತ್ತಿ ಜಾತಿಯ ಎಲೆ ಬೆರೆತು ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಬಾಯಿ ಒಣಗಿ, ಕಣ್ಣಿನ ಪಾಪೆ ಹಿಗ್ಗಿ, ಇಲ್ಲದ್ದೆಲ್ಲ ಕಂಡಂತಾಗಿ ಆಸ್ಪತ್ರೆ ಸೇರಿದರು. ಬೇಯಿಸಿದ ಮಾತ್ರಕ್ಕೆ ಆ ವಿಷ ಹೋಗುವುದಿಲ್ಲ. ಸೊಪ್ಪು ತಿಂದ ಮೇಲೆ ಹೀಗೇನಾದರೂ ಆದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಉಳಿದ ಸೊಪ್ಪನ್ನೂ ಸಾರನ್ನೂ ಜೊತೆಗೆ ಒಯ್ಯಬೇಕು.

ಇಷ್ಟು ಓದಿದವರು ಒಂದು ಸುಲಭದ ಸೂತ್ರ ಕೇಳುತ್ತಾರೆ. ಹಾಲು ಬಂದರೆ ವಿಷ ಎನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ. ಗೋಣಿ ಸೊಪ್ಪಿಗೆ ಅದು ಒಪ್ಪುತ್ತದೆ. ಗೋಣಿಯ ಜೊತೆಗೇ ನೆಲಕ್ಕಂಟಿ ಹಬ್ಬುವ ಯುಫೋರ್ಬಿಯಾ ಜಾತಿಯ ಗಿಡಗಳನ್ನು ಮುರಿದರೆ ಬಿಳಿ ಹಾಲು ಬರುತ್ತದೆ, ಗೋಣಿಯಲ್ಲಿ ಬರುವುದು ನೀರು. ಆದರೆ ಅದೇ ಸೂತ್ರ ಹಿಡಿದು ವಿಜಯಪುರದ ಕಡೆ ಹೋದರೆ ಹಕ್ಕರಕಿಯನ್ನು ಎಸೆಯಬೇಕಾದೀತು. ಅದನ್ನು ಮುರಿದರೆ ಹಾಲು ಬರುತ್ತದೆ. ಅಲ್ಲಿನ ಜನ ಅದನ್ನು ಹಸಿಯಾಗಿಯೇ ಜೋಳದ ರೊಟ್ಟಿಯ ಜೊತೆ ತಿನ್ನುತ್ತಾ ಬಂದಿದ್ದಾರೆ. ದನ ತಿಂದರೆ ನಾವೂ ತಿನ್ನಬಹುದು, ಹಕ್ಕಿ ತಿಂದರೆ ಹಣ್ಣು ಒಳ್ಳೆಯದು ಎನ್ನುವುವೂ ಇಂಥವೇ. ಎಲ್ಲ ಗಿಡಕ್ಕೂ ಸಲ್ಲುವ ಒಂದೇ ಪರೀಕ್ಷೆ ಇಲ್ಲ. ಒಂದು ಜೋಡಿಗೆ ಒಂದು ಗುರುತು, ಅಷ್ಟೇ.

ಗುರುತು ಗಟ್ಟಿಯಾಗಲು ಒಂದು ವರ್ಷ ಬೇಕು. ಸಂಶಯ ಬಂದ ಗಿಡವನ್ನು ಬೇರು ಸಮೇತ ಕಿತ್ತು ಕುಂಡದಲ್ಲಿ ನೆಟ್ಟು, ಹೂ ಕಾಯಿ ಆಗುವವರೆಗೆ ಕಾಯುವುದು ನನ್ನ ಕ್ರಮ. ಹೂ ಬಂದಾಗ ಒಂದು ರೆಂಬೆಯನ್ನು ಪೇಪರಿನ ನಡುವೆ ಒತ್ತಿಟ್ಟು, ಊರು, ತಾರೀಖು, ಹೆಸರು ಹೇಳಿದವರು ಯಾರು ಎಂದು ಬರೆದಿಡುತ್ತೇನೆ. ಫೋಟೊ ತೆಗೆದು ಕೇಳುವವರು ಎಲೆಯ ಮೇಲ್ಮೈಯನ್ನಷ್ಟೇ ತೆಗೆಯಬೇಡಿ. ಎಲೆಯ ಹಿಂಭಾಗ, ಗೆಣ್ಣು, ಹೂ ಇದ್ದರೆ ಹೂ, ಇವಿಲ್ಲದ ಫೋಟೊ ನೋಡಿ ಧೈರ್ಯವಾಗಿ ಹೆಸರು ಹೇಳುವವರನ್ನೂ, ಅಂಥ ಆ್ಯಪನ್ನೂ ಊಟದ ವಿಷಯದಲ್ಲಿ ನಂಬಬೇಡಿ.

ಸದ್ಯ ನನ್ನ ಮಾಳಿಗೆಯ ಮೇಲೆ ಎರಡು ಕುಂಡಗಳಿವೆ. ಎರಡನ್ನೂ ಕೊಮ್ಮೆ ಎಂದೇ ಕೊಟ್ಟದ್ದು, ಒಂದನ್ನು ಪಾವಗಡದ ಕಡೆಯವರು, ಒಂದನ್ನು ನಮ್ಮೂರಿನವರು. ತೆಲುಗಿನಲ್ಲಂತೂ ಗಲಿಜೇರು ಎನ್ನುವ ಹೆಸರು ಎರಡು ಗಿಡಕ್ಕೂ ಓಡುತ್ತದೆ. ಎರಡೂ ನೆಲಕ್ಕೆ ಹರಡುತ್ತವೆ, ಎರಡರಲ್ಲೂ ಎದುರುಬದುರು ಎಲೆಗಳಲ್ಲಿ ಒಂದು ದೊಡ್ಡದು ಒಂದು ಚಿಕ್ಕದು. ಮೊನ್ನೆ ಎಡಗಡೆಯ ಕುಂಡದಿಂದ ಕವಲೊಡೆದ ಸಣ್ಣ ಕಡ್ಡಿಗಳು ಮೇಲೆದ್ದು, ತುದಿಯಲ್ಲಿ ಗುಂಡುಸೂಜಿಯ ತಲೆಯಷ್ಟು ನೇರಳೆಗೆಂಪು ಹೂ ಬಿಟ್ಟವು. ಅದರ ಕಾಯಿ ಬಟ್ಟೆಗೆ ಅಂಟುತ್ತದೆ. ಅದು ಪುನರ್ನವ, ಬೋರ್ಹೇವಿಯಾ. ಬಲಗಡೆಯದು ಹೂವೇ ಬಿಟ್ಟಿಲ್ಲವೆಂದುಕೊಂಡಿದ್ದೆ. ನಿನ್ನೆ ಸಂಜೆ ಎಲೆಯ ಕಂಕುಳನ್ನು ಉಗುರಿನಿಂದ ಬಿಡಿಸಿದೆ. ತೊಟ್ಟಿನ ಬುಡ ತೆಳ್ಳನೆಯ ಪೊರೆಯ ಚೀಲವಾಗಿತ್ತು, ಆ ಚೀಲದೊಳಗೆ ಗುಲಾಬಿ ಬಣ್ಣದ ಒಂಟಿ ಹೂವೊಂದು ಅರ್ಧ ಮುಖ ತೋರಿಸಿಕೊಂಡು ಕೂತಿತ್ತು. ಅದು ಟ್ರಯಾಂತಿಮಾ. ಅದರ ಮುಂದಿನ ಚೀಟಿಯಲ್ಲಿ ಕೊಮ್ಮೆ ಎಂಬುದನ್ನು ಹೊಡೆದುಹಾಕಿಲ್ಲ, ಅದರ ಪಕ್ಕಕ್ಕೆ ಊರಿನ ಹೆಸರು ಸೇರಿಸಿದ್ದೇನೆ.